ಕೆಂಡದ ಊಟ: ಹಳೆಯದೆಷ್ಟು, ಹೊಸದೆಷ್ಟು?

ಮೈಸೂರಿನಲ್ಲಿ ಹೊಸದಾಗಿ ತೆರೆದ ಬಾರ್ಬೆಕ್ಯೂ ಹೋಟೆಲೊಂದಕ್ಕೆ ಈಚೆಗೆ ಮನೆಮಂದಿಯೆಲ್ಲ ಹೋಗಿದ್ದೆವು. ಹುಣಸೂರು ತಾಲ್ಲೂಕಿನ ಹನಗೋಡಿನಿಂದ ಬಂದಿದ್ದ ಸೋದರಮಾವನವರೂ ಜೊತೆಗಿದ್ದರು. ಮೇಜಿನ ನಡುವೆ ಒಂದು ಗುಳಿ. ಮಾಣಿ ಅದರೊಳಗೆ ನಿಗಿನಿಗಿ ಕೆಂಡದ ತಟ್ಟೆ ಇಳಿಸಿ, ಕಂಬಿಗೆ ಪೋಣಿಸಿದ ಕೋಳಿ, ಮೀನು, ಪನೀರಿನ ತುಂಡುಗಳನ್ನು ಸಾಲಾಗಿ ಇಟ್ಟುಹೋದ. ತಿರುಗಿಸುವುದು, ಎಣ್ಣೆ ಸವರುವುದು ನಮ್ಮ ಪಾಲಿನ ಕೆಲಸ. ಮಾವ ಒಂದು ಗಳಿಗೆ ನೋಡಿ, 'ಅಲ್ಲ ಕಣಪ್ಪಾ, ದುಡ್ಡೂ ಕೊಟ್ಟು ನಾವೇ ಸುಟ್ಕೊಂಡು ತಿನ್ಬೇಕಾ?' ಎಂದರು. ಎಲ್ಲರೂ ನಕ್ಕೆವು. ಆದರೆ ಈ ಊಟದಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂಬ ವಿಚಾರವೆಲ್ಲ ಆ ಒಂದು ಪ್ರಶ್ನೆಯಲ್ಲೇ ಅಡಗಿತ್ತು.

'ಬಾರ್ಬೆಕ್ಯೂ' ಎಂಬ ಪದ ನಮಗೆ ಇಂಗ್ಲಿಷಿನಿಂದ ಬಂದರೂ ಅದರ ಮೂಲ ಇಂಗ್ಲೆಂಡಲ್ಲ. ಕೆರಿಬಿಯನ್ ದ್ವೀಪಗಳ ಟೈನೊ ಎಂಬ ಮೂಲನಿವಾಸಿಗಳು ಕೋಲುಗಳಿಂದ ಅಟ್ಟಣೆ ಕಟ್ಟಿ, ಕೆಳಗೆ ಬೆಂಕಿ ಹಾಕಿ ಮೀನು, ಮಾಂಸ ಸುಡುತ್ತಿದ್ದರು. ಆ ಅಟ್ಟಣೆಯ ಹೆಸರನ್ನೇ ಸ್ಪೇನಿನವರು 'ಬಾರ್ಬಕೋವಾ' ಎಂದು ಕರೆದರು. ಅದು ಹದಿನಾರನೆಯ ಶತಮಾನದ ಮಾತು. ಅಂದರೆ ಇಂದು ದುಬಾರಿ ಹೋಟೆಲಿನ ಹೆಸರಾಗಿರುವುದು ಮೂಲದಲ್ಲಿ ಕಾಡಿನವರ ಅಡುಗೆಯ ಹೆಸರು.

ಸುಟ್ಟದ್ದಕ್ಕೆ ಬೇಯಿಸಿದ್ದಕ್ಕಿಲ್ಲದ ರುಚಿ ಬರುವುದೇಕೆ? ನೀರಿನಲ್ಲಿ ಬೇಯುವ ಪದಾರ್ಥದ ಬಿಸಿ ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಕೆಂಡದ ಮೇಲೆ ಹಾಗಲ್ಲ. ಮೇಲ್ಮೈಯ ತೇವ ಆರಿ, ಬಿಸಿ 140 ಡಿಗ್ರಿಯ ಆಸುಪಾಸಿಗೆ ಏರಿದಾಗ ಸಸಾರಜನಕದ ಅಂಶಗಳೂ ಸಕ್ಕರೆಯ ಅಂಶಗಳೂ ಕೂಡಿಕೊಂಡು ಕಂದುಬಣ್ಣವನ್ನೂ ಹೊಸ ಪರಿಮಳವನ್ನೂ ಹುಟ್ಟಿಸುತ್ತವೆ. ಫ್ರಾನ್ಸಿನ ವಿಜ್ಞಾನಿ ಮೇಯಾರ್ 1912ರಲ್ಲಿ ಇದನ್ನು ವಿವರಿಸಿದ. ಜೊತೆಗೆ ಕೆಂಡದ ಮೇಲೆ ತೊಟ್ಟಿಕ್ಕಿದ ಕೊಬ್ಬು ಹೊಗೆಯಾಗಿ ಮೇಲೆದ್ದು ತುಂಡಿಗೇ ಅಂಟುತ್ತದೆ. ಉರಿಯ ಮೇಲೆ ಹಿಡಿದರೆ ಹೊರಗೆ ಸೀದು ಒಳಗೆ ಹಸಿಯಾಗಿ ಉಳಿಯುವುದೇ ಹೆಚ್ಚು. ಕೆಂಡದ್ದು ಸಮನಾದ ಕಾವು.

ಬೆಂಕಿಗೂ ಹೊಗೆಗೂ ಇರುವ ಭೇದ ಹನಗೋಡಿನ ಸುತ್ತಲಿನ ರೈತರಿಗೆ ಚೆನ್ನಾಗಿ ಗೊತ್ತು. ಹುಣಸೂರು, ಪಿರಿಯಾಪಟ್ಟಣದ ಕಡೆಯ ತಂಬಾಕು ಬ್ಯಾರನ್‌ಗಳಲ್ಲಿ ಸೌದೆಯ ಕಾವು ಕೊಳವೆಗಳ ಮೂಲಕ ಹರಿದು ಎಲೆಯನ್ನು ಹದಗೊಳಿಸುತ್ತದೆ. ಹೊಗೆ ಎಲೆಗೆ ತಾಗಬಾರದು. ಹೋಟೆಲಿನಲ್ಲಿಯೋ, ಆ ಹೊಗೆಗೇ ನಾವು ಬೆಲೆ ತೆರುವುದು.

ಕನ್ನಡ ನಾಡಿಗೆ ಇದು ಹೊಸ ವಿದ್ಯೆಯೇನಲ್ಲ. ಕಲ್ಯಾಣ ಚಾಲುಕ್ಯರ ಅರಸ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ, ಮಾಂಸದ ತುಂಡುಗಳಿಗೆ ಸಂಬಾರ ಸವರಿ, ಶೂಲಕ್ಕೆ ಚುಚ್ಚಿ ಕೆಂಡದಲ್ಲಿ ಸುಡುವ ವಿವರಗಳಿವೆ. ಸುಡುವುದೆಂದರೆ ಬಾಡೇ ಆಗಬೇಕೆಂದಿಲ್ಲ. ಹುಣಸೂರು ಸೀಮೆಯ ಕಲ್ಲಹಳ್ಳಿಯ ಜೈನ ಕವಿ ಮೂರನೆಯ ಮಂಗರಸ ಹದಿನಾರನೆಯ ಶತಮಾನದ ಆರಂಭದವನು. ಅವನ 'ಸೂಪಶಾಸ್ತ್ರ' ಪೂರ್ತಿ ಸಸ್ಯಾಹಾರದ ಪುಸ್ತಕ. ಮೇಲೂ ಕೆಳಗೂ ಕೆಂಡವಿಟ್ಟು ರೊಟ್ಟಿ ಬೇಯಿಸುವ ಕ್ರಮ ಅದರಲ್ಲಿದೆ. ನಮ್ಮ ಮನೆಗಳ ಸುಟ್ಟ ಬದನೆಕಾಯಿ ಗೊಜ್ಜು, ಬೂದಿಯಲ್ಲಿ ಹುಗಿದ ಗೆಣಸು, ಕೆಂಡದ ಹಲಸಿನ ಬೀಜ ಇವೂ ಅದೇ ವಂಶದವು.

ಆದರೆ ಅರಸನಿಗೆ ಭೋಗವಾಗಿದ್ದ ಈ ಅಡುಗೆ, ಹನಗೋಡಿನಾಚೆಯ ನಾಗರಹೊಳೆ ಕಾಡಿನ ಜೇನುಕುರುಬರಿಗೆ ದಿನದ ಬದುಕಾಗಿತ್ತು. ನೆಲ ಅಗೆದು ತೆಗೆದ ಕಾಡುಗೆಣಸನ್ನು ಕೆಂಡದಲ್ಲಿ ಸುಟ್ಟರೆ ಊಟವಾಯಿತು. ಪಾತ್ರೆ, ಎಣ್ಣೆ ಬೇಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1988ರಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು. ಹುಲಿ, ಆನೆಗಳು ಉಳಿಯಲು ಕಾಡಿನ ರಕ್ಷಣೆ ಬೇಕೇ ಬೇಕಿತ್ತು. ಆದರೆ ಅದರೊಂದಿಗೆ ಗೆಣಸು ಅಗೆಯುವ ಕೈಗೂ ಕಟ್ಟು ಬಿತ್ತು. ಕಾಡಿನೊಳಗಿನ ಹಲವು ಕುಟುಂಬಗಳು ಹುಣಸೂರು ತಾಲ್ಲೂಕಿನ ನಾಗಾಪುರಕ್ಕೆ ಸ್ಥಳಾಂತರಗೊಂಡವು. ಕಾಡು ದೂರವಾದಂತೆ ಯಾವ ಬಳ್ಳಿಯ ಬುಡದಲ್ಲಿ ಯಾವ ಗೆಡ್ಡೆ, ಯಾವ ತಿಂಗಳಲ್ಲಿ ಅಗೆಯಬೇಕು, ಮತ್ತೆ ಚಿಗುರಲು ಎಷ್ಟು ಬಿಡಬೇಕು ಎಂಬ ತಿಳಿವಳಿಕೆಯೂ ಮಸುಕಾಗುತ್ತದೆ. ಅದು ಪುಸ್ತಕದಲ್ಲಿ ಕಲಿಯುವಂಥದ್ದಲ್ಲ.

ಮುಂದೆ 2006ರಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನು ಅಂಗೀಕರಿಸಿತು. ಕಾಡಿನವರು ಪರಂಪರೆಯಿಂದ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನಗಳ ಮೇಲೆ ಅವರ ಹಕ್ಕನ್ನು ಅದು ಮಾನ್ಯ ಮಾಡುತ್ತದೆ. ಆ ಪಟ್ಟಿಯಲ್ಲಿ ಜೇನಿನ ಜೊತೆಗೆ ಬೇರು, ಗೆಡ್ಡೆಗಳನ್ನೂ ಹೆಸರಿಸಿದೆ. ಕೆಂಡದಲ್ಲಿ ಸುಡುವ ಗೆಣಸಿಗೂ ಕಾನೂನಿನ ಪುಟದಲ್ಲಿ ಒಂದು ಜಾಗ ಸಿಕ್ಕಿದೆ. ಪುಟದಿಂದ ಒಲೆಯವರೆಗೆ ಅದು ಬರುವುದು ಆ ಹಕ್ಕು ಹಾಡಿಗಳಲ್ಲಿ ನಿಜವಾಗಿ ನಡೆದಾಗ ಮಾತ್ರ.

ಹಾಗಾದರೆ ಬಾರ್ಬೆಕ್ಯೂ ಹೋಟೆಲಿನಲ್ಲಿ ಹೊಸದೇನು? ಕೆಂಡವೂ ಹಳೆಯದು, ಕಂಬಿಯೂ ಹಳೆಯದು, ಸುಟ್ಟ ರುಚಿ ಎಲ್ಲಕ್ಕಿಂತ ಹಳೆಯದು. ಹೊಸದೆಂದರೆ ಮೇಜು, ಕುರ್ಚಿ ಮತ್ತು ಬಿಲ್ಲು. ಬಿಲ್ಲು ಬಂದಾಗ ಮಾವ ಅದನ್ನು ಎರಡು ಸಲ ಓದಿದರು. 'ಕಾಸಿಲ್ಲದೋರ ಊಟ ಆಗಿತ್ತು ಕಣಪ್ಪಾ ಇದು' ಎಂದು ಮಡಿಚಿ ಜೇಬಿಗಿಟ್ಟುಕೊಂಡರು.