ಅಭಿವೃದ್ಧಿ ಮತ್ತು ತಾರತಮ್ಯ: ಒಂದು ಶಾಲಾಪಾಠದ ವಿಚಾರ

‘ವೃದ್ಧಿ’ ಎಂದರೆ ಬೆಳೆಯುವಿಕೆ; ಅದರ ಮೊದಲಿಗೆ ‘ಅಭಿ’ ಎಂಬ ಉಪಸರ್ಗ ಸೇರಿ ‘ಅಭಿವೃದ್ಧಿ’ ಎಂಬ ಶಬ್ದವಾಯಿತು. ‘ತರ’, ‘ತಮ’ ಎಂಬ ಪ್ರತ್ಯಯಗಳಿಂದ ‘ತಾರತಮ್ಯ’ ಹುಟ್ಟಿತು. ಒಂದನ್ನು ಇನ್ನೊಂದರೊಡನೆ ಹೋಲಿಸಿದ ಹೊರತು ಈ ಪ್ರತ್ಯಯಗಳಿಗೆ ಎಡೆಯಿಲ್ಲ. ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಅಭಿವೃದ್ಧಿಯ ಪಾಠವೂ ಸಾಮಾಜಿಕ ಸ್ತರವಿನ್ಯಾಸದ ಪಾಠವೂ ಬೇರೆ ಬೇರೆಯಾಗಿ ಬರುತ್ತವೆ. ವಿದ್ಯಾರ್ಥಿಗಳು ಎರಡರ ಲಕ್ಷಣಗಳನ್ನೂ ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಉತ್ತೀರ್ಣರಾಗುತ್ತಾರೆ. ಆದರೆ ಒಂದನ್ನು ಬಿಟ್ಟು ಇನ್ನೊಂದನ್ನು ಅರಿಯುವುದು ಸಾಧ್ಯವಿಲ್ಲ. ‘ಎಷ್ಟು ಬೆಳೆಯಿತು?’ ಎಂಬ ಪ್ರಶ್ನೆಯ ಬೆನ್ನಿಗೇ ‘ಯಾರ ಪಾಲಿಗೆ ಎಷ್ಟು ಬಂದಿತು?’ ಎಂಬ ಪ್ರಶ್ನೆ ಬರಬೇಕು. ಈ ವಿಷಯದ ತಿರುಳು ಇದೇ.

ರಾಷ್ಟ್ರಗಳ ಏಳಿಗೆಯನ್ನು ಬಹುಕಾಲ ಆದಾಯವೊಂದರಿಂದಲೇ ಅಳೆಯಲಾಗುತ್ತಿತ್ತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 1990ರಲ್ಲಿ ಮೊದಲ ಮಾನವ ಅಭಿವೃದ್ಧಿ ವರದಿಯನ್ನು ಪ್ರಕಟಿಸಿ, ಆರೋಗ್ಯ, ಶಿಕ್ಷಣ, ಜೀವನಮಟ್ಟ ಎಂಬ ಮೂರನ್ನೂ ಕೂಡಿಸಿದ ಹೊಸ ಅಳತೆಗೋಲನ್ನು ಮುಂದಿಟ್ಟಿತು. ಮೆಹಬೂಬ್ ಉಲ್ ಹಕ್ ಮತ್ತು ಅಮರ್ತ್ಯ ಸೇನ್ ಇದರ ಹಿಂದಿದ್ದ ಚಿಂತಕರು. 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ 17 ಗುರಿಗಳಲ್ಲಿ ಹತ್ತನೆಯದು ಅಸಮಾನತೆಯನ್ನು ತಗ್ಗಿಸುವುದೇ ಆಗಿದೆ.

ಈ ಅಳತೆಗೋಲನ್ನು ಹಿಡಿದು ಕಲಿಯಲು ಮಂಡ್ಯ ಸೀಮೆಯ ವಿದ್ಯಾರ್ಥಿ ದೂರದೇಶಕ್ಕೆ ಹೋಗಬೇಕಾಗಿಲ್ಲ. 1911ರಲ್ಲಿ ಕನ್ನಂಬಾಡಿಯಲ್ಲಿ ಅಣೆಕಟ್ಟೆಯ ಕೆಲಸ ಆರಂಭವಾಯಿತು. ಮುಂದೆ ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ಹರಿಯಿತು. ರಾಗಿ, ಹುರುಳಿಯ ಹೊಲಗಳಲ್ಲಿ ಬತ್ತ, ಕಬ್ಬು ನಿಂತವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಇದು ಅಭಿವೃದ್ಧಿಯೆಂಬುದು ನಿರ್ವಿವಾದ.

ಆದರೂ ನಾಲೆಯ ನೀರು ಎಲ್ಲರಿಗೂ ಒಂದೇ ಸಮನಾಗಿ ಹರಿಯಲಿಲ್ಲ. ಮೇಲುಭಾಗದ ಗದ್ದೆಗೆ ಅದು ಮೊದಲು ದೊರೆಯುತ್ತದೆ. ಮಳೆ ಕೊರೆಯಾದ ವರ್ಷಗಳಲ್ಲಿ ಮದ್ದೂರು, ಮಳವಳ್ಳಿಗಳ ಕೊನೆಭಾಗದ ರೈತರು ತೂಬಿನತ್ತ ಕಣ್ಣಿಟ್ಟು ಕಾಯುವುದು ಇಲ್ಲಿನವರಿಗೆ ಹೊಸತಲ್ಲ. ಭೂಮಿಯೇ ಇಲ್ಲದವನಿಗೆ ನೀರು ಬಂದರೆ ಕೂಲಿ ದೊರೆತೀತು, ಫಸಲು ದೊರೆಯದು. ಇನ್ನು ಅಕ್ಷರದ ಮಾತು. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇಕಡಾ 75ಕ್ಕೆ ಮಿಕ್ಕಿದ್ದರೆ, ನೀರಾವರಿಗೆ ಹೆಸರಾದ ಈ ಜಿಲ್ಲೆಯದು ಸುಮಾರು 70. ಇಲ್ಲಿನ ಸ್ತ್ರೀಯರದು ಸುಮಾರು 62 ಮಾತ್ರ. ಗದ್ದೆ ಹಸಿರಾದ ಮಾತ್ರಕ್ಕೆ ಮನೆಯ ಮಗಳು ಓದು ಕಲಿತಳೆಂದು ತಿಳಿಯಲಾಗದೆಂಬುದು ಇದರಿಂದ ವಿದಿತವಾಗುತ್ತದೆ.

ಮಳವಳ್ಳಿ ತಾಲ್ಲೂಕು ಇನ್ನೊಂದು ಪಾಠವನ್ನು ಕಲಿಸುತ್ತದೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅದೇ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 1974ರಿಂದ ಕಾವೇರಿಯ ನೀರನ್ನು ಬೆಂಗಳೂರಿಗೆ ಏರಿಸಲಾಗುತ್ತಿದೆ. ನೀರೂ ಬೆಳಕೂ ಮಹಾನಗರಕ್ಕೆ ಬೇಕಾದವೇ ಸರಿ. ಆದರೆ ಕೊಡುವ ನೆಲಕ್ಕೆ ಮರಳಿ ಬಂದುದೇನೆಂದು ಕೇಳುವುದು ಮತ್ಸರವಲ್ಲ, ಲೆಕ್ಕ. ರಾಜ್ಯದ ಮಟ್ಟದಲ್ಲಿ ಇಂಥದೇ ಲೆಕ್ಕ ಹಾಕಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ, 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆಯೆಂದು ಗುರುತಿಸಿತು. ಬಡ ದೇಶ, ಸಿರಿವಂತ ದೇಶಗಳ ಪ್ರಶ್ನೆಯೂ ಇದೇ ಜಾತಿಯದು.

ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಹೇಳಿ ಅಲ್ಲಿಗೇ ನಿಲ್ಲಲಿಲ್ಲ. ದಾಸೋಹವನ್ನೂ ಅದರೊಡನೆ ಹೇಳಿದರು. ದುಡಿದು ಬೆಳೆಸುವುದು ಕಾಯಕ. ಬೆಳೆದುದನ್ನು ಸಮಾಜಕ್ಕೆ ಸಲ್ಲಿಸುವುದು ದಾಸೋಹ. ಮೊದಲನೆಯದು ಮಾತ್ರ ಇದ್ದಲ್ಲಿ ವೃದ್ಧಿಯುಂಟು, ಅದು ಎಲ್ಲರದಾಗದು.

ಆದುದರಿಂದ ಅಧ್ಯಾಪಕರು ಈ ಪಾಠವನ್ನು ಪುಸ್ತಕದಿಂದ ಆರಂಭಿಸಿ ಪುಸ್ತಕದಲ್ಲಿಯೇ ಮುಗಿಸಬಾರದು. ಮಕ್ಕಳನ್ನು ನಾಲೆಯ ಕೊನೆಯವರೆಗೆ ನಡೆಸಿಕೊಂಡು ಹೋಗಬೇಕು. ಮೇಲುಭಾಗದ ಗದ್ದೆಯವರ ಮಗನೂ ಕೂಲಿಯವರ ಮಗಳೂ ತರಗತಿಯಲ್ಲಿ ಒಂದೇ ಪಾಠವನ್ನು ಓದುತ್ತಾರೆ. ತಾರತಮ್ಯದ ಅರ್ಥವನ್ನು ಇಬ್ಬರೂ ಒಟ್ಟಿಗೆ ಅರಿತ ದಿನ ಆ ಪಾಠ ಸಾರ್ಥಕವಾದೀತು.