ವಿಲನ್ ಮೇಜಿನ ಕಲ್ಲುಗೋಪುರ

ಮೊನ್ನೆ ಗಾಂಧಿನಗರದ ಒಬ್ಬ ನಿರ್ಮಾಪಕರ ಆಫೀಸಿಗೆ ಸುದ್ದಿ ಹುಡುಕಿಕೊಂಡು ಹೋಗಿದ್ದೆ. ಸುದ್ದಿ ಸಿಗಲಿಲ್ಲ, ಕಾಫಿ ಸಿಕ್ತು. ಕಣ್ಣು ಮಾತ್ರ ಅವರ ಮೇಜಿನ ಮೇಲೇ ಇತ್ತು. ಗೇಣುದ್ದದ ಕಲ್ಲಿನ ಗೋಪುರ! ಹೊರಗೆ ಕನ್ನಡಿಯಂಥ ನುಣುಪು. ನಡುವೆ ಒಂದು ಪೊಟರೆ, ಅದರೊಳಗೆ ಕಲ್ಲುಸಕ್ಕರೆ ಪುಡಿ ಅಂಟಿಸಿದ ಹಾಗೆ ಮಿಣಮಿಣ ಹರಳು.

"ವಿಲನ್ ಮೇಜಿಗೆ ಕಣಯ್ಯಾ. ಫಾರಿನ್ ಮಾಲು!" ಅಂದರು.

ಬ್ರೆಜಿಲ್, ಉರುಗ್ವೆಯಿಂದ ಇಂಥವು ಬರೋದು ನಿಜ. ಆದರೆ ಅದನ್ನು ಕೊಂಡು ತಂದ ಕಲಾ ವಿಭಾಗದ ಹುಡುಗ ಹೊರಗೆ ಬಂದು ಗುಟ್ಟು ಬಿಟ್ಟ: "ಗುಜರಾತಿನ ಖಂಭಾತ್‌ದು ಸಾರ್."

ಕಲ್ಲಿನ ಹೆಸರು ಅಗೇಟ್; ಆ ಕಡೆ ಅಕೀಕ್ ಅಂತಾರೆ. ಆ ಪೊಟರೆಯನ್ನು ಯಾರೂ ಕೊರೆದದ್ದಲ್ಲ ಸ್ವಾಮಿ! ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ನಿನಲ್ಲಿ ಲಾವಾ ಉಕ್ಕಿ ಹರಿಯಿತು. ನಮ್ಮ ವಿಜಯಪುರ ಕಡೆಯ ಕಪ್ಪು ಕಲ್ಲೂ ಅದರದ್ದೇ. ಲಾವಾ ಆರುವಾಗ ಒಳಗಿನ ಗಾಳಿಗುಳ್ಳೆಗಳು ತೂತುಗಳಾಗಿ ಉಳಿದವು. ಸಿಲಿಕಾ ಕರಗಿದ ನೀರು ಅವುಗಳೊಳಗೆ ಜಿನುಗಿ, ಪದರದ ಮೇಲೆ ಪದರ ಕಟ್ಟಿ ಅಗೇಟ್ ಆಯಿತು. ನಡುವೆ ಜಾಗ ಉಳಿದ ಕಡೆ ಹರಳು ಬೆಳೆಯಿತು. ಪೂರ್ತಿ ತುಂಬಿದ್ದರೆ ಹರಳೂ ಇಲ್ಲ, ಮಿಣಮಿಣವೂ ಇಲ್ಲ. (ಕಣ್ಣು ಕುಕ್ಕುವ ನೀಲಿ, ಗುಲಾಬಿ ಕಂಡರೆ ಹುಷಾರ್, ಹೆಚ್ಚಿನವು ಬಣ್ಣ ಕುಡಿಸಿದವು. ಅಗೇಟ್ ಚೆನ್ನಾಗಿ ಬಣ್ಣ ಹೀರುತ್ತೆ.)

ಖಂಭಾತ್ ಹತ್ತಿರದ ಲೋಥಲ್‌ನಲ್ಲಿ 4,000 ವರ್ಷದ ಹಿಂದೆಯೇ ಕಲ್ಲುಮಣಿ ಮಾಡ್ತಿದ್ದರು. ಅಷ್ಟು ಹಳೇ ಕಸುಬು. ಕೆಲಸಗಾರ ಕಲ್ಲು ಕೊಯ್ದು, ತಿರುಗೋ ಸಾಣೆಗೆ ಹಿಡಿದು ಉಜ್ಜುತ್ತಾನೆ. ಪೊಟರೆಯ ಹರಳಿಗೆ ಪೆಟ್ಟಾಗಬಾರದು. ಒಣಗಲು ಉಜ್ಜಿದಾಗ ಏಳುವ ಧೂಳು ಕಣ್ಣಿಗೆ ಕಾಣದಷ್ಟು ನಯ. ಅದು ಶ್ವಾಸಕೋಶ ಸೇರಿ ಅಲ್ಲೇ ಗಾಯ ಕಟ್ಟುತ್ತೆ. ಕೆಮ್ಮು, ಏದುಸಿರು... ಎಷ್ಟೋ ಸಲ ಟಿ.ಬಿ. ಅಂದುಕೊಂಡೇ ಮದ್ದು ಕೊಡ್ತಾರೆ. ರೋಗದ ಹೆಸರು ಸಿಲಿಕೋಸಿಸ್. ಕೆಟ್ಟ ಶ್ವಾಸಕೋಶವನ್ನು ಮೊದಲಿನಂತೆ ಮಾಡೋ ಔಷಧಿ ಇಲ್ಲ. ಸಾಣೆ ಮನೆಯಲ್ಲೇ ಇದ್ದರೆ ಹೆಂಡತಿ ಮಕ್ಕಳೂ ಅದೇ ಧೂಳು ಕುಡೀಬೇಕು. ನೀರು ಹಾಕಿ ಉಜ್ಜಿದರೆ, ಧೂಳು ಹೀರೋ ಫ್ಯಾನಿದ್ದರೆ ಎಷ್ಟೋ ಕಮ್ಮಿಯಾಗುತ್ತೆ. ಅದಕ್ಕೆ ಖರ್ಚಿದೆಯಲ್ಲ!

ನಮ್ಮ ಚಿತ್ರರಂಗದಲ್ಲೂ ಇದೇ ತಾನೆ? ಶಿಳ್ಳೆ ಹೀರೋಗೆ, ಪ್ಲಾಸ್ಟರ್ ಡ್ಯೂಪಿಗೆ.

ಮತ್ತೆ ಒಳಗೆ ಹೋಗಿ ಇಷ್ಟನ್ನೂ ನಿರ್ಮಾಪಕರ ಮುಂದೆ ಒದರಿದೆ. ಅವರು ಗೋಪುರವನ್ನು ಒಂದು ಸಲ ತಿರುಗಿಸಿ ನೋಡಿದರು.

"ಕ್ಲೈಮ್ಯಾಕ್ಸಿನಲ್ಲಿ ಹೀರೋ ಇದನ್ನ ಒಡೀತಾನೆ ಕಣಯ್ಯಾ. ಇನ್ನೂ ನಾಲ್ಕು ತರೋಕೆ ಹೇಳಿದ್ದೀನಿ."

"ಒಡೆಯೋಕೆ ಪ್ಲಾಸ್ಟರಿಂದು ಮಾಡಿಸಿ ಸಾರ್," ಅಂದೆ.

"ನೋಡೋಣ," ಅಂದರು. ಇನ್ನೊಂದು ಕಾಫಿ ಬಂತು.