ಎಲೆಯುದುರಿಸುವ ಕಾಡು, ನೀರುಳಿಸುವ ಬೆಟ್ಟ

ಕಪಿಲಾ ನದಿಯು ನಂಜನಗೂಡನ್ನು ದಾಟಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವ ಸೀಮೆಯಲ್ಲಿ, ಮೂಗೂರಿನಂಥ ಊರುಗಳಲ್ಲಿ ಬೇಸಾಯಮಾಡಿ ಬಾಳುವವರಿಗೆ, ಬಂಡೀಪುರವೆಂದೊಡನೆ ಹುಲಿ, ಆನೆ, ಕಾಟಿಗಳೇ ನೆನಪಿಗೆ ಬರುವುದು ಸಹಜ. ಆದರೆ ಕಪಿಲೆಯ ಮುಖ್ಯ ಪ್ರವಾಹವು ವಯನಾಡಿನಿಂದ ಬರುವುದಾದರೂ, ಬಂಡೀಪುರದ ಕಾಡನ್ನು ಹಾದುಬರುವ ನುಗು ಹೊಳೆಯೂ, ಗುಂಡ್ಲುಪೇಟೆಯ ಮಾರ್ಗವಾಗಿ ಇಳಿಯುವ ಗುಂಡ್ಲುಹೊಳೆಯೂ ಅದನ್ನೇ ಸೇರುತ್ತವೆ. ಆದುದರಿಂದ ಆ ಕಾಡು ನೀರನ್ನು ಹೇಗೆ ವೆಚ್ಚಮಾಡುತ್ತದೆ, ಹೇಗೆ ಉಳಿಸುತ್ತದೆ ಎಂಬುದು ಬಯಲಿನವರೂ ಅರಿಯತಕ್ಕ ವಿಷಯವಾಗಿದೆ.

1931ರಲ್ಲಿ ಮೈಸೂರು ಮಹಾರಾಜರ ಆಳ್ವಿಕೆಯಲ್ಲಿ 90 ಚದರ ಕಿಲೋಮೀಟರುಗಳ ಅಭಯಾರಣ್ಯವಾಗಿ ಮೊದಲ್ಗೊಂಡು, 1941ರಲ್ಲಿ ವೇಣುಗೋಪಾಲ ವನ್ಯಮೃಗೋದ್ಯಾನವೆಂದು ವಿಸ್ತಾರಗೊಂಡು, 1973ರಲ್ಲಿ ಹುಲಿ ಯೋಜನೆಗೆ ಒಳಪಟ್ಟ ಈ ಪ್ರದೇಶವು ಇಂದು ಸುಮಾರು 874 ಚದರ ಕಿಲೋಮೀಟರುಗಳ ರಾಷ್ಟ್ರೀಯ ಉದ್ಯಾನವಾಗಿದೆ. ಇದರ ಶಿಖರಪ್ರಾಯವಾದ ಹಿಮವದ್ ಗೋಪಾಲಸ್ವಾಮಿ ಬೆಟ್ಟವು 1454 ಮೀಟರು ಎತ್ತರವಿದ್ದು, ಮೇಲೇರುವ ತೇವಗಾಳಿಯು ಹಿಗ್ಗಿ ತಂಪಾಗಿ ಮಂಜಾಗುವುದರಿಂದ ಅದರ ನೆತ್ತಿಯಲ್ಲಿ ಹುಲ್ಲುಗಾವಲೂ ಕಣಿವೆಗಳ ಮಡಿಕೆಯಲ್ಲಿ ಶೋಲೆಗಳೆಂಬ ಹಸುರು ಕಾಡುಗಳೂ ಕಾಣಬರುತ್ತವೆ. ಕೆಳಗಿನ ಕಾಡಿನ ಪಾಡು ಬೇರೆ. ನೈಋತ್ಯ ಮಾರುತವು ವಯನಾಡು ನೀಲಗಿರಿಗಳಲ್ಲಿ ತನ್ನ ಭಾರವನ್ನು ಬಹುಮಟ್ಟಿಗೆ ಇಳಿಸಿ ಬರುವುದರಿಂದ, ಇಲ್ಲಿನ ತೇಗ, ಮತ್ತಿ, ದಿಂಡಿಗ, ಹೊನ್ನೆಗಳು ಮಿತವಾದ ಮಳೆಯಲ್ಲಿಯೇ ವರುಷವನ್ನು ಕಳೆಯಬೇಕಾಗಿದೆ.

ಎಲೆಯ ಸೂಕ್ಷ್ಮರಂಧ್ರಗಳ ಮೂಲಕ ನೀರು ಆವಿಯಾಗುತ್ತಿರುವುದು ವೃಕ್ಷಜೀವನದ ಧರ್ಮ. ನೆಲದ ತೇವ ಕುಗ್ಗಿದಾಗ ಈ ವೆಚ್ಚವನ್ನು ತಾಳಲಾರದೆ ಮರವು ಎಲೆಯಲ್ಲಿನ ಸಾರಜನಕವೇ ಮೊದಲಾದ ಸತ್ತ್ವಗಳ ಬಹುಭಾಗವನ್ನು ಕಾಂಡಕ್ಕೆ ಸೆಳೆದುಕೊಂಡು, ತೊಟ್ಟಿನ ಬುಡದಲ್ಲಿ ಒಂದು ಮೃದುವಾದ ಪದರವನ್ನು ರಚಿಸಿ, ಎಲೆಯನ್ನು ಕಳಚಿಬಿಡುತ್ತದೆ. ಫಾಲ್ಗುಣದ ಬೋಳುಕಾಡು ಸತ್ತ ಕಾಡಲ್ಲ; ಆಪತ್ಕಾಲದಲ್ಲಿ ವೆಚ್ಚವನ್ನು ಬಿಗಿಹಿಡಿದ ಗೃಹಸ್ಥನಂತೆ ಅದು ಉಳಿದ ತೇವವನ್ನು ಮುಂದಿನ ಚಿಗುರಿಗಾಗಿ ಕಾದಿರಿಸಿಕೊಂಡಿರುವುದು.

ಉದುರಿದ ಎಲೆಗೆ ಇನ್ನೊಂದು ಕಾರ್ಯವುಂಟು. ಬೆಟ್ಟದ ಇಳಿಜಾರಿನಲ್ಲಿ ಮುಂಗಾರಿನ ಮೊದಲ ಹನಿಗಳ ಪೆಟ್ಟನ್ನು ತರಗೆಲೆ ತಾನು ತಾಳಿ ಮಣ್ಣನ್ನು ಕಾಪಾಡುತ್ತದೆ. ಗೆದ್ದಲು, ಶಿಲೀಂಧ್ರ, ಎರೆಹುಳುಗಳು ಅದನ್ನು ಅರೆದು ಕರಿಯ ಗೊಬ್ಬರಮಣ್ಣಾಗಿಸಿ, ನೆಲದೊಳಗೆ ಅಸಂಖ್ಯಾತ ಸೂಕ್ಷ್ಮಮಾರ್ಗಗಳನ್ನು ತೆರೆಯುತ್ತವೆ. ಆ ಮಾರ್ಗಗಳಲ್ಲಿ ಇಂಗಿದ ನೀರು ನಿಧಾನವಾಗಿ ಒಸರಿ ತೊರೆಗಳನ್ನು ಸೇರುತ್ತದೆ.

ಈ ವ್ಯವಸ್ಥೆಗೆ ಪರಮಶತ್ರು ಬೆಂಕಿ. ನಮ್ಮ ಕಾಡುಗಳ ಬೆಂಕಿಯು ಬಹುತೇಕ ಮನುಷ್ಯನ ಕೈಯಿಂದಲೇ ಹುಟ್ಟುವುದು. 2019ರ ಫೆಬ್ರವರಿಯಲ್ಲಿ ಬಂಡೀಪುರದ ವಿಸ್ತಾರವಾದ ಭಾಗವು ಉರಿದುಹೋದುದನ್ನು ನಾಡು ಮರೆತಿಲ್ಲ. ಹೊರನಾಡಿನಿಂದ ಬಂದು ಹಬ್ಬಿದ ಲಂಟಾನದ ಪೊದೆಗಳು ಜ್ವಾಲೆಯನ್ನು ಮರದ ಕೊಂಬೆಗಳವರೆಗೆ ಏರಿಸುತ್ತವೆ. ತರಗೆಲೆ ಬೂದಿಯಾದ ನೆಲದ ಮೇಲೆ ಬಿರುಮಳೆ ಬಿದ್ದರೆ ನೀರು ಇಂಗದೆ, ಫಲವತ್ತಾದ ಮೇಲ್ಮಣ್ಣನ್ನೂ ಹೊತ್ತು ಹರಿದು, ಕೆರೆ ಜಲಾಶಯಗಳಲ್ಲಿ ಹೂಳಾಗಿ ನಿಲ್ಲುವುದು.

ಹೀಗಿರುವಲ್ಲಿ ಬೇಸಗೆಯ ಕಾಡಿನಲ್ಲಿ ಬೀಡಿಯ ಕಿಡಿಯೊಂದನ್ನು ಬಿಸಾಡದಿರುವುದೂ, ಉರಿ ಹಬ್ಬದಂತೆ ಬೆಂಕಿರೇಖೆಗಳನ್ನು ಸವರಿ ಕಾಯುವ ಕಾವಲುಗಾರನಿಗೆ ನೆರವಾಗುವುದೂ ಕಾಡಂಚಿನ ಹೆಡಿಯಾಲದವರಿಗೆ ಮಾತ್ರ ಸೇರಿದ ಹೊಣೆಯಲ್ಲ; ಹೊಳೆಯ ನೀರನ್ನು ನಂಬಿ ಬಿತ್ತುವ ಬಯಲಿನ ಪ್ರತಿಯೊಬ್ಬನೂ ಅದರಲ್ಲಿ ಸಮಾನ ಪಾಲುದಾರನು.